ಕುಣಿಯಲಾರದವರಿಗೆ ಸಿಗ್ನಲ್ ಡೊಂಕು!

"ಸಿಗ್ನಲ್ ಸಿಗ್ತಾ ಇಲ್ಲ ಸಾರ್."

ಬೆಂಗಳೂರಿನಲ್ಲಿ ಇವತ್ತು ಇದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ. ನೀರಿನ ಮೀಟರಿಗೆ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಹಾಕಿ ಹೋದವರನ್ನು ಕೇಳಿ, ಬೇಸ್‌ಮೆಂಟಿನಲ್ಲಿ ಸಿಮ್ ಇರೋ ಕರೆಂಟ್ ಮೀಟರ್ ಕೂರಿಸಿದವರನ್ನು ಕೇಳಿ, ಬರೋದು ಇದೇ ಉತ್ತರ. ಹೇಳೋ ಧಾಟಿ ಹೇಗಿರುತ್ತೆ ಅಂದ್ರೆ, ಈ ವರ್ಷ ಮುಂಗಾರು ಕೈಕೊಡ್ತು ಅಂತ ರೈತ ಹೇಳ್ತಾನಲ್ಲ, ಹಾಗೆ! ಯಾರ ತಪ್ಪೂ ಅಲ್ಲ, ಎಲ್ಲಾ ಮೇಲಿನವನ ಇಚ್ಛೆ. ಬಿಲ್ ಮಾತ್ರ ನಿಮ್ಮ ಹೆಸರಿಗೆ.

ಅಲ್ಲಾ ಸ್ವಾಮಿ, ಸಿಗ್ನಲ್ ಅನ್ನೋದು ಮಳೆಯಲ್ಲ. ಅದು ಆಕಾಶದಿಂದ ಬಿದ್ದು ಒಬ್ಬರ ಮನೆಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದೇ ಹೋಗೋ ವಸ್ತು ಅಲ್ಲ. ಮೀಟರಿನ ಟ್ರಾನ್ಸ್‌ಮಿಟರನ್ನು ಎಲ್ಲಿ ಕೂರಿಸಬೇಕು ಅಂತ ಒಂದು ದಿನ ಒಬ್ಬ ಮನುಷ್ಯ ನಿರ್ಧಾರ ಮಾಡಿರ್ತಾನೆ. ಆ ನಿರ್ಧಾರದ ಫಲವೇ ಸಿಗ್ನಲ್. ನಿರ್ಧಾರ ಮಾಡಿದವನು ಒಬ್ಬ, ಅದಕ್ಕೆ ದುಡ್ಡು ತೆರೋದು ಇನ್ನೊಬ್ಬ. ನನ್ನ ಜಗಳ ಇರೋದು ಇಲ್ಲಿ.

ಮೊದಲು ಇದು ಯಾಕೆ ಶುರುವಾಯ್ತು ನೋಡೋಣ.

2024ರ ಬೇಸಿಗೆ ನೆನಪಿದೆಯಲ್ಲ? ಬೆಂಗಳೂರಿಗೆ ದಿನಕ್ಕೆ 2,600 ದಶಲಕ್ಷ ಲೀಟರ್ ನೀರು ಬೇಕು, ಅದರಲ್ಲಿ 500 ದಶಲಕ್ಷ ಲೀಟರ್ ಕೊರತೆ ಇದೆ ಅಂತ ಆ ಮಾರ್ಚ್‌ನಲ್ಲಿ ಮುಖ್ಯಮಂತ್ರಿಗಳೇ ಹೇಳಿದ್ರು. ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡ್ತು. ಟ್ಯಾಂಕರಿನವರು ಬಾಯಿಗೆ ಬಂದ ರೇಟ್ ಹೇಳೋಕೆ ಶುರು ಮಾಡಿದಾಗ, 5 ಕಿಲೋಮೀಟರ್ ಒಳಗಾದ್ರೆ 12,000 ಲೀಟರಿಗೆ 1,000 ರೂಪಾಯಿ ಅಂತ ಜಿಲ್ಲಾಡಳಿತವೇ ದರ ಕಟ್ಟಬೇಕಾಯ್ತು. ಅಲ್ಲಿಯವರೆಗೂ ನೀರಿನ ಖರ್ಚನ್ನು ಚದರಡಿ ಲೆಕ್ಕದಲ್ಲಿ ಹಂಚಿಕೊಂಡು ನೆಮ್ಮದಿಯಾಗಿದ್ದ ಅಪಾರ್ಟ್‌ಮೆಂಟುಗಳಿಗೆಲ್ಲ ಒಂದೇ ಸಲ ಜ್ಞಾನೋದಯ. "ಅವ್ರ ಮನೇಲಿ ದಿನಾ ಎರಡು ಸಲ ಬಾಲ್ಕನಿ ತೊಳೀತಾರೆ, ಅದಕ್ಕೆ ನಾವ್ಯಾಕೆ ದುಡ್ಡು ಕೊಡ್ಬೇಕು?" ನ್ಯಾಯವಾದ ಪ್ರಶ್ನೆ. ಉತ್ತರ, ಮನೆಮನೆಗೂ ಮೀಟರು.

ಆದ್ರೆ ಬೆಂಗಳೂರಿನ ಫ್ಲ್ಯಾಟ್ ಅಂದ್ರೆ ಒಂದೇ ಪೈಪ್ ಅಲ್ಲ. ಅಡುಗೆಮನೆಗೊಂದು, ಒಂದೊಂದು ಬಾತ್‌ರೂಮಿಗೂ ಒಂದೊಂದು, ಹೀಗೆ ಮೂರು ನಾಲ್ಕು ಕಡೆಯಿಂದ ನೀರು ಒಳಗೆ ಬರುತ್ತೆ. ನಮ್ಮದು 64 ಮನೆ, ಮನೆಗೆ ಮೂರರಂತೆ 192 ಮೀಟರು. ಎಲ್ಲವೂ ಡಕ್ಟಿನೊಳಗೆ. ತಿಂಗಳು ತಿಂಗಳು ಯಾರು ಡಕ್ಟಿಗೆ ಇಳಿದು ಅಂಕಿ ಬರ್ಕೊಳ್ತಾರೆ? ಹಾಗಾಗಿ ರೇಡಿಯೋ. ಮೀಟರಿನ ಮೇಲೊಂದು ಪುಟ್ಟ ಡಬ್ಬಿ, ಒಳಗೊಂದು ಲಿಥಿಯಂ ಬ್ಯಾಟರಿ, ದಿನಕ್ಕೆ ಕೆಲವು ಸಲ "ಇಷ್ಟು ಲೀಟರ್ ಆಗಿದೆ" ಅಂತ ಗಾಳಿಗೆ ಕೂಗಿ ಮಲಗಿಬಿಡುತ್ತೆ. ಆ ಕೂಗನ್ನು ಕೇಳಿಸಿಕೊಳ್ಳೋಕೆ ಕಟ್ಟಡದಲ್ಲಿ ಒಂದೋ ಎರಡೋ ಗೇಟ್‌ವೇ. ಅದು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿಗೆ ಕಳಿಸುತ್ತೆ. ನಿಮ್ಮ ಮೊಬೈಲಿನ ಆಪ್‌ನಲ್ಲಿ ಅಂಕಿ ಕಾಣುತ್ತೆ. ಚೆಂದದ ಏರ್ಪಾಡು. ರಾತ್ರಿ ಎರಡರಿಂದ ನಾಲ್ಕರ ಮಧ್ಯೆಯೂ ನೀರು ಹರೀತಾ ಇದ್ರೆ ಎಲ್ಲೋ ಫ್ಲಶ್ ಟ್ಯಾಂಕ್ ಸೋರ್ತಿದೆ ಅಂತ ಮನೇಲಿ ಕೂತೇ ಗೊತ್ತಾಗುತ್ತೆ. ನಾನಿದರ ಪರವಾಗಿಯೇ ಇದ್ದೀನಿ, ಆಮೇಲೆ "ಇವ್ನು ಟೆಕ್ನಾಲಜಿ ವಿರೋಧಿ" ಅನ್ಬೇಡಿ :-)

ಏರ್ಪಾಡು ಚೆಂದವೇ, ಕೂರಿಸೋದು ಮಾತ್ರ ದೇವರಿಗೇ ಪ್ರೀತಿ.

ನಮ್ಮಲ್ಲಿ ಮೀಟರ್ ಹಾಕೋಕೆ ಬಂದ ಹುಡುಗನನ್ನ ನಾನೇ ಕೇಳಿದೆ. "ಏನಪ್ಪಾ, ಆ ಡಬ್ಬೀನ ಪೈಪಿಗೆ ಒತ್ತಿ ಕಟ್ಟಿ ಕಬ್ಬಿಣದ ಬಾಗಿಲು ಹಾಕ್ತಾ ಇದ್ದೀಯಲ್ಲ, ಸಿಗ್ನಲ್ ಹೋಗುತ್ತಾ?"

ಅವನು ನಕ್ಕ. "ಅದೆಲ್ಲ ಆಫೀಸಿನೋರು ನೋಡ್ಕೋತಾರೆ ಸಾರ್. ನಮಗೆ ಮೀಟರಿಗಿಷ್ಟು ಅಂತ ಕೊಡೋದು. ಸಂಜೆ ಒಳಗೆ ಇಪ್ಪತ್ತು ಮುಗಿಸ್ಬೇಕು."

ಈ ಹುಡುಗನ ಮೇಲೆ ನನಗೆ ಒಂಚೂರೂ ಕೋಪ ಇಲ್ಲ. ಅವನು ನಿಜ ಹೇಳಿದ. ಮೀಟರಿಗಿಷ್ಟು ಅಂತ ಕೊಟ್ರೆ ಮೀಟರು ಸಿಗುತ್ತೆ, ರೀಡಿಂಗ್ ಸಿಗೋಲ್ಲ. ಇಡೀ ರೋಗದ ಮೂಲ ಅವನ ಆ ಒಂದು ವಾಕ್ಯದಲ್ಲಿದೆ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಕೂಡೋದು ಕಳೆಯೋದು ಅಷ್ಟೇ.

ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೇ ಬಳಸಬಹುದಾದ ಒಂದು ರೇಡಿಯೋ ಪಟ್ಟಿ ಇದೆ. 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ತನಕ ಬಿಟ್ರು, 2021ರಲ್ಲಿ 868ರ ತನಕ ವಿಸ್ತರಿಸಿದ್ರು. ಲೋರಾ ಜಾತಿಯ ಮೀಟರುಗಳು ಮಾತಾಡೋದು ಇಲ್ಲೇ. ಈ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್, ಅಂದ್ರೆ ಒಂದೂವರೆ ಗೇಣು. ಅದರ ಕಾಲುಭಾಗ ನಾಲ್ಕು ಬೆರಳಿಗಿಂತ ಕೊಂಚ ಜಾಸ್ತಿ. ಈ ನಾಲ್ಕು ಬೆರಳನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಸಿಗ್ನಲ್ಲನ್ನು ಡೆಸಿಬೆಲ್‌ನಲ್ಲಿ ಅಳೀತಾರೆ. 3 ಡೆಸಿಬೆಲ್ ಹೋದ್ರೆ ಶಕ್ತಿ ಅರ್ಧ. 10 ಹೋದ್ರೆ ಹತ್ತರಲ್ಲೊಂದು ಪಾಲು. 20 ಹೋದ್ರೆ ನೂರರಲ್ಲೊಂದು. ನಮ್ಮ ಮೀಟರಿನ ಡಬ್ಬಿ 25 ಮಿಲಿವ್ಯಾಟ್ ಶಕ್ತಿಯಲ್ಲಿ ಕೂಗುತ್ತೆ. ಇನ್ನೊಂದು ತುದಿಯಲ್ಲಿರೋ ಗೇಟ್‌ವೇ ಕಿವಿ ಅದೆಷ್ಟು ಸೂಕ್ಷ್ಮ ಅಂದ್ರೆ, ನಡುವೆ 150 ಡೆಸಿಬೆಲ್ ಕಳೆದು ಹೋದ್ರೂ ಅದು ಮಾತನ್ನು ಹಿಡಿಯಬಲ್ಲದು. ಅಂದ್ರೆ ಇವತ್ತಿನ ರೇಡಿಯೋಗಳ ಕೈಯಲ್ಲಿರೋ ಜೇಬುಖರ್ಚು 150.

ಬಯಲಲ್ಲಿ 100 ಮೀಟರ್ ದಾಟೋಕೆ ಎಷ್ಟು ಖರ್ಚಾಗುತ್ತೆ? ಸುಮಾರು 71 ಡೆಸಿಬೆಲ್. ಇನ್ನೂ 80ರ ಹತ್ರ ಉಳೀತು. 80 ಡೆಸಿಬೆಲ್ ಅಂದ್ರೆ ಹತ್ತು ಕೋಟಿ ಪಟ್ಟು! ನಮ್ಮ ಕಟ್ಟಡ ಈ ಮೂಲೆಯಿಂದ ಆ ಮೂಲೆಗೆ 100 ಮೀಟರ್ ಕೂಡ ಇಲ್ಲ. ಹತ್ತು ಕೋಟಿ ಪಟ್ಟು ಮಿಗಿಸಿಟ್ಟ ಮೇಲೂ ಸಿಗ್ನಲ್ ಸಿಗ್ತಿಲ್ಲ ಅಂದ್ರೆ ಅದು ಗಾಳಿಯ ತಪ್ಪಾ ಸ್ವಾಮಿ?

ಹಾಗಾದ್ರೆ ಆ 80 ಎಲ್ಲಿ ಹೋಯ್ತು?

ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ಸ್ಲ್ಯಾಬ್ ಒಂದಕ್ಕೆ ಅಂದಾಜು 10ರಿಂದ 20 ಡೆಸಿಬೆಲ್, ದಪ್ಪ ಮತ್ತು ತೇವ ನೋಡ್ಕೊಂಡು. ನಾಲ್ಕು ಸ್ಲ್ಯಾಬ್ ದಾಟಿಸಿದ್ರೆ 60 ಖರ್ಚು. ಡಕ್ಟಿಗೆ ಕಬ್ಬಿಣದ ತಗಡಿನ ಬಾಗಿಲು ಹಾಕಿದ್ರೆ ಅದರ ಸಂದಿಯಿಂದ ಸೋರಿದ್ದಷ್ಟೇ ಹೊರಗೆ. ಡಬ್ಬಿಯನ್ನು ಜಿಐ ಪೈಪಿಗೆ ಒತ್ತಿ ಕಟ್ಟಿದ್ರೆ ಆಂಟೆನಾ ತನ್ನ ಶ್ರುತಿಯನ್ನೇ ಕಳ್ಕೊಳ್ಳುತ್ತೆ. ಲೋಹ ಹತ್ತಿರ ಇದ್ದಾಗ ಆಂಟೆನಾ ತನಗೆ ಹೇಳಿದ ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡೋಲ್ಲ, ತಂಬೂರಿ ತಂತಿ ಮೇಲೆ ಕೈ ಇಟ್ಟು ಮೀಟಿದ ಹಾಗೆ. ಅದಕ್ಕೇ ನಾಲ್ಕು ಬೆರಳಿನ ಅಂತರ ಬೇಕು ಅನ್ನೋದು. ಇಷ್ಟೂ ಕೂಡಿದ್ರೆ 80 ಮುಗೀತು, ಸಾಲವೂ ಆಯ್ತು.

ಲೋಹದ ಪೆಟ್ಟಿಗೆಯೊಳಗೆ ವಿದ್ಯುತ್ ಕ್ಷೇತ್ರ ಹೊಗೋಲ್ಲ ಅಂತ ಫ್ಯಾರಡೆ 1836ರಲ್ಲೇ ತೋರಿಸಿದ. ಅದೇ ತತ್ವದ ಮೇಲೆ ಪೆಟ್ಟಿಗೆಯೊಳಗಿನ ರೇಡಿಯೋ ಅಲೆ ಹೊರಗೂ ಬರೋಲ್ಲ. ನಮ್ಮ ಕಾಲೇಜುಗಳಲ್ಲಿ ಇದನ್ನು ಓದಿ ಪಾಸಾದ ಇಂಜಿನಿಯರುಗಳು ಬೆಂಗಳೂರಲ್ಲಿ ಕಲ್ಲು ಎಸೆದ್ರೆ ಸಿಗ್ತಾರೆ. ಆದ್ರೂ 2020ರ ದಶಕದಲ್ಲಿ ಟ್ರಾನ್ಸ್‌ಮಿಟರನ್ನ ಎಂ.ಎಸ್. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ "ಸಿಗ್ನಲ್ ಇಲ್ಲ" ಅಂತೀವಿ.

ರಸ್ತೆ ಬದಿಯ ಚೇಂಬರಿನದು ಇನ್ನೂ ದೊಡ್ಡ ತಮಾಷೆ. ಮೀಟರು ನೆಲದೊಳಗೆ, ಮೇಲೆ ಎರಕದ ಕಬ್ಬಿಣದ ಮುಚ್ಚಳ, ಮುಚ್ಚಳದ ಮೇಲೆ ಯಾರದ್ದೋ ಕಾರು. ಮಳೆ ಬಂದ್ರೆ ಚೇಂಬರ್ ತುಂಬಾ ನೀರು. ಡಬ್ಬಿಗೆ ನೀರು ಹೋಗಲ್ಲ, ನೀರೊಳಗೆ ಮುಳುಗಿದ್ರೂ ಹಾಳಾಗಲ್ಲ ಅಂತ ಬ್ರೋಷರ್‌ನಲ್ಲಿ ಬರೆದಿರ್ತಾರೆ. ನಿಜ, ಡಬ್ಬಿ ಹಾಳಾಗಲ್ಲ. ಆದ್ರೆ ಈ ಮೆಗಾಹರ್ಟ್ಸ್‌ನ ಅಲೆ ನೀರೊಳಗಿಂದ ಎದ್ದು ಬರೋದು ಬಲು ಕಷ್ಟ. ಉಳಿಯೋದು ಬೇರೆ, ಕೂಗೋದು ಬೇರೆ. ಅಮೆರಿಕಾದಲ್ಲಿ ಮೀಟರುಗಳನ್ನು ಹೀಗೇ ನೆಲದ ಗುಂಡಿಯಲ್ಲಿ ಇಡೋ ಊರುಗಳು ಎಷ್ಟೋ ಇವೆ. ಅಲ್ಲಿ ಮುಚ್ಚಳದಲ್ಲೇ ಒಂದು ದುಂಡನೆ ತೂತು ಕೊರೆದು ಆಂಟೆನಾದ ತಲೆ ಹೊರಗೆ ಕಾಣೋ ಹಾಗೆ ಕೂರಿಸ್ತಾರೆ, ಇಲ್ಲಾ ಮುಚ್ಚಳವನ್ನೇ ಪಾಲಿಮರ್‌ನದ್ದು ಹಾಕ್ತಾರೆ. ಇದು ರಾಕೆಟ್ ವಿದ್ಯೆ ಅಲ್ಲ. ಒಂದು ತೂತು!

ಇನ್ನು ಗೇಟ್‌ವೇ ಕಥೆ. ನಮ್ಮಲ್ಲಿ ಸುಮಾರು 30 ಮೀಟರುಗಳಿಂದ ರೀಡಿಂಗ್ ಬರ್ತಿಲ್ಲ ಅಂತಾದಾಗ ಕಂಪನಿಯವರು ಕೊಟ್ಟ ಸಲಹೆ, "ಟೆರೇಸ್ ಮೇಲೆ ಇನ್ನೂ ಪವರ್‌ಫುಲ್ ಆಂಟೆನಾ ಹಾಕ್ಸಿ, ಕೊಟೇಶನ್ ಕಳಿಸ್ತೀವಿ." ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!

ನೆಟ್ಟಗೆ ನಿಲ್ಲಿಸಿದ ಕೋಲಿನಂಥ ಆಂಟೆನಾ ಎಲ್ಲಾ ದಿಕ್ಕಿಗೂ ಸಮನಾಗಿ ಕೇಳಿಸಿಕೊಳ್ಳೋಲ್ಲ. ಅದರ ಸುತ್ತ ಉದ್ದಿನ ವಡೆ ಆಕಾರದಲ್ಲಿ ಕೇಳ್ಮೆ ಇರುತ್ತೆ. ಅಡ್ಡಡ್ಡಕ್ಕೆ ಚೆನ್ನಾಗಿ ಕೇಳುತ್ತೆ, ನೆತ್ತಿಯ ಮೇಲೆ ಮತ್ತು ಕಾಲಡಿಗೆ ವಡೆಯ ತೂತು. ಆಂಟೆನಾ "ಪವರ್‌ಫುಲ್" ಆದಷ್ಟೂ ವಡೆ ಚಪ್ಪಟೆ ಆಗ್ತಾ ಹೋಗುತ್ತೆ. ಅಂದ್ರೆ ಪಕ್ಕದ ಬಡಾವಣೆ ಇನ್ನೂ ಚೆನ್ನಾಗಿ ಕೇಳುತ್ತೆ, ತನ್ನ ಬುಡದಲ್ಲೇ ಇರೋ ಡಕ್ಟು ಇನ್ನೂ ಕಮ್ಮಿ ಕೇಳುತ್ತೆ. ದೀಪದ ಬುಡದಲ್ಲಿ ಕತ್ತಲು ಅಂತ ನಮ್ಮಜ್ಜಿಗೆ ಗೊತ್ತಿತ್ತು, ಕೊಟೇಶನ್ ಬರೆಯೋರಿಗೆ ಗೊತ್ತಿಲ್ಲ. ಗೇಟ್‌ವೇಯನ್ನು ಟೆರೇಸಿನಿಂದ ಇಳಿಸಿ ನಡುಮಹಡಿಯ ಲಿಫ್ಟ್ ಲಾಬಿಯಲ್ಲಿ, ಡಕ್ಟುಗಳ ಬಾಗಿಲಿಗೆ ಎದುರಾಗಿ ಇಟ್ರೆ ದಾಟಬೇಕಾದ ಸ್ಲ್ಯಾಬುಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತೆ. ಖರ್ಚು, ಒಂದು ಪವರ್ ಪಾಯಿಂಟು.

ಅಸೋಸಿಯೇಶನ್‌ನವರ ಒಪ್ಪಿಗೆ ಪಡೆದು ಒಂದು ಭಾನುವಾರ ನಾನು ಒಂದೇ ಒಂದು ಮೀಟರಿನ ಮೇಲೆ ಪ್ರಯೋಗ ಮಾಡಿದೆ. ಗ್ರೌಂಡ್ ಫ್ಲೋರಿನದು, ತಿಂಗಳಿಗೆ ನಾಲ್ಕೈದು ಸಲ ಕೂಡ ಕೂಗು ಕೇಳಿಸದ ಗಿರಾಕಿ. ಮೀಟರನ್ನು ಮುಟ್ಟಲಿಲ್ಲ. ಮೀಟರಿಗೂ ಟ್ರಾನ್ಸ್‌ಮಿಟರಿಗೂ ನಡುವೆ ಒಂದು ಮೀಟರ್ ಉದ್ದದ ಕೇಬಲ್ ಇರುತ್ತೆ. ಫಿಟ್ ಮಾಡುವಾಗ ಅದನ್ನು ಸುತ್ತಿ ಟ್ಯಾಗ್ ಹಾಕಿ ಪೈಪಿನ ಹಿಂದೆ ತುರುಕಿದ್ರು. ಅದನ್ನು ಬಿಚ್ಚಿ, ಡಬ್ಬಿಯನ್ನು ಬಾಗಿಲ ಚೌಕಟ್ಟಿನಾಚೆ ಗೋಡೆಗೆ, ಪೈಪಿನಿಂದ ನಾಲ್ಕು ಬೆರಳಿಗೂ ಹೆಚ್ಚು ದೂರದಲ್ಲಿ, ನೆಟ್ಟಗೆ ಕೂರಿಸಿದೆ. ಎರಡು ಸ್ಕ್ರೂ, ಒಂದು ಕ್ಲಾಂಪು. ಮುಂಚೆ ಗೇಟ್‌ವೇ ಲಾಗ್‌ನಲ್ಲಿ -122 ಅಂತ ಇದ್ದದ್ದು -101 ಆಯ್ತು. 21 ಡೆಸಿಬೆಲ್, ನೂರು ಪಟ್ಟಿಗಿಂತ ಜಾಸ್ತಿ. ಹೊಸ ಆಂಟೆನಾ ಇಲ್ಲ, ಹೊಸ ಗೇಟ್‌ವೇ ಇಲ್ಲ. ಅವತ್ತಿಂದ ಆ ಮೀಟರು ಒಂದು ದಿನವೂ ತಪ್ಪಿಸಿಲ್ಲ. ಕೇಬಲ್ ಕೊಟ್ಟಿರೋದೇ ಇದಕ್ಕೆ ಕಣ್ರೀ! ಮೀಟರ್ ಇರೋ ಕಡೆಯಲ್ಲೇ ಟ್ರಾನ್ಸ್‌ಮಿಟರೂ ಇರಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ.

"ಹೋಗ್ಲಿ ಬಿಡಿ, ಕೆಲವು ಸಲ ಬರುತ್ತೆ, ಕೆಲವು ಸಲ ಬರಲ್ಲ, ತಿಂಗಳ ಕೊನೆಗೆ ಹೇಗೋ ಒಂದು ರೀಡಿಂಗ್ ಸಿಗುತ್ತಲ್ಲ" ಅಂತ ನಮ್ಮ ಕಮಿಟಿಯಲ್ಲೇ ಒಬ್ಬರು ಹೇಳಿದ್ರು. ಅವರಿಗೆ ಬ್ಯಾಟರಿ ಲೆಕ್ಕ ಹೇಳಬೇಕಾಯ್ತು.

ಲೋರಾ ರೇಡಿಯೋ ಜಾಣ. ಸಿಗ್ನಲ್ ಚೆನ್ನಾಗಿದ್ರೆ ಪಟಪಟ ಅಂತ ಹೇಳಿ ಮುಗಿಸುತ್ತೆ. ಸಿಗ್ನಲ್ ಕೆಟ್ಟದಾಗಿದ್ರೆ ಕಿವಿ ಮಂದ ಆಗಿರೋ ತಾತನಿಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ ಹಾಗೆ ನಿಧಾನಕ್ಕೆ ಎಳೆದೆಳೆದು ಹೇಳುತ್ತೆ. ಇದನ್ನು ಸ್ಪ್ರೆಡಿಂಗ್ ಫ್ಯಾಕ್ಟರ್ ಅಂತಾರೆ, 7ರಿಂದ 12ರ ತನಕ. ಹತ್ತು ಹನ್ನೊಂದು ಬೈಟಿನ ಒಂದು ಪುಟ್ಟ ಸಂದೇಶಕ್ಕೆ 7ರಲ್ಲಿ ಸೆಕೆಂಡಿನ ಹದಿನಾರನೇ ಒಂದು ಭಾಗ ಸಾಕು. 12ರಲ್ಲಿ ಹೆಚ್ಚುಕಮ್ಮಿ ಒಂದೂವರೆ ಸೆಕೆಂಡ್ ಬೇಕು. ಇಪ್ಪತ್ತು ಪಟ್ಟಿಗೂ ಜಾಸ್ತಿ ಹೊತ್ತು ಬ್ಯಾಟರಿ ಸುಡುತ್ತೆ. ಹತ್ತು ವರ್ಷ ಬರುತ್ತೆ ಅಂತ ಹೇಳಿ ಮಾರಿದ ಬ್ಯಾಟರಿ ಯಾಕೆ ಬೇಗ ಸತ್ತುಹೋಗುತ್ತೆ ಅಂತ ಈಗ ಗೊತ್ತಾಯ್ತಲ್ಲ? ಬ್ಯಾಟರಿ ಬದಲಾಯಿಸೋ ಖರ್ಚು ಯಾರದ್ದು? ವಾರಂಟಿ ಮುಗಿದಿರುತ್ತೆ, ಆದ್ದರಿಂದ ನಿಮ್ಮದು. ಅಷ್ಟೇ ಅಲ್ಲ, ಒಂದು ಮೀಟರು ಒಂದೂವರೆ ಸೆಕೆಂಡ್ ಎಳೀತಾ ಇದ್ರೆ ಅದೇ ಹೊತ್ತಲ್ಲಿ ಅದೇ ಚಾನೆಲ್ಲಿನಲ್ಲಿ ಹಾಗೇ ಎಳೀತಿರೋ ಇನ್ನೊಂದು ಮೀಟರಿನ ಮಾತೂ ಕೆಡುತ್ತೆ. ಒಬ್ಬರ ಮನೆಯ ಕೆಟ್ಟ ಫಿಟ್ಟಿಂಗು ಪಕ್ಕದ ಮನೆಯವರ ರೀಡಿಂಗನ್ನೂ ತಿನ್ನುತ್ತೆ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ವಿಷಯಕ್ಕೆ ಬರ್ತೀನಿ.

ನಮ್ಮ ಗ್ರೌಂಡ್ ಫ್ಲೋರಿನಲ್ಲಿ ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದಾರೆ, ಅವರು ಮತ್ತು ಅವರ ಮನೆಯವರು ಇಬ್ಬರೇ. ಮಗಳ ಬಾಣಂತನಕ್ಕೆ ಅಂತ ಎರಡು ತಿಂಗಳು ಬೀಗ ಹಾಕ್ಕೊಂಡು ಹಾಸನಕ್ಕೆ ಹೋಗಿದ್ರು. ವಾಪಸ್ ಬಂದ್ರೆ ಎರಡೂ ತಿಂಗಳಿಗೆ ನೀರಿನ ಬಿಲ್ ಇದೆ! ಕೇಳಿದ್ರೆ, "ನಿಮ್ಮ ಮೀಟರಿಂದ ರೀಡಿಂಗ್ ಬಂದಿಲ್ಲ, ಸಿಗ್ನಲ್ ಇಲ್ಲ, ಬಿಲ್ಡಿಂಗಿನ ಆವರೇಜ್ ಹಾಕಿದ್ದೀವಿ." ಮೇಷ್ಟ್ರು ನನ್ನ ಹತ್ರ ಬಂದು ಆ ಕಾಗದ ತೋರಿಸಿ, "ಅಲ್ಲಪ್ಪಾ, ನೀನು ಕಂಪ್ಯೂಟರ್ ಓದಿದೋನು, ನನಗೆ ಅರ್ಥ ಮಾಡಿಸು. ಕೊಳಾಯಿ ತಿರುಗಿಸದೇ ನೀರು ಹೇಗೆ ಖರ್ಚಾಯ್ತು?" ಅಂದ್ರು.

ನನಗೆ ಉತ್ತರ ತೋಚಲಿಲ್ಲ ಸಾರ್. ಯಾಕಂದ್ರೆ ಉತ್ತರವೇ ಇಲ್ಲ.

ಮೀಟರಿನ ಮುಖದ ಮೇಲೆ ಅಂಕಿ ಇದೆ. ಬ್ಯಾಟರಿ ಸತ್ರೂ, ರೇಡಿಯೋ ಸತ್ರೂ, ಸರ್ವರ್ ಸುಟ್ಟುಹೋದ್ರೂ ಅದು ಹಲ್ಲಿನ ಚಕ್ರ ತಿರುಗಿಸಿಕೊಂಡು ಲೆಕ್ಕ ಇಡ್ತಾನೇ ಇರುತ್ತೆ. ಡಬ್ಬಿ ಕಳಿಸೋದು ಕೂಡ ಇವತ್ತಿನ ಖರ್ಚನ್ನಲ್ಲ, ಮೊದಲ ದಿನದಿಂದ ಇಲ್ಲಿಯವರೆಗಿನ ಒಟ್ಟು ಮೊತ್ತವನ್ನ. ಹಾಗಾಗಿ ಹತ್ತು ಸಂದೇಶ ಕಳೆದುಹೋಗಿ ಹನ್ನೊಂದನೇದು ತಲುಪಿದ್ರೂ ಒಂದು ಲೀಟರ್ ಲೆಕ್ಕವೂ ತಪ್ಪೋಲ್ಲ. ಹನ್ನೊಂದನೇದೂ ಬರ್ಲಿಲ್ವಾ? ಸೆಕ್ಯೂರಿಟಿಯವರ ಕೈಲಿ ಡಕ್ಟಿನ ಬಾಗಿಲು ತೆಗೆಸಿ ಮೊಬೈಲಲ್ಲಿ ಒಂದು ಫೋಟೋ ತೆಗೀರಿ. ಎರಡು ನಿಮಿಷದ ಕೆಲಸ. ಇಷ್ಟು ಸುಲಭದ ದಾರಿ ಇರುವಾಗ ಆವರೇಜ್ ಹಾಕೋದು ಅಸಹಾಯಕತೆ ಅಲ್ಲ, ಸೋಮಾರಿತನ. ಆವರೇಜ್ ಅಂದ್ರೆ ಏನು? ದಿನಾ ಬಾಲ್ಕನಿ ತೊಳೆಯೋರ ನೀರನ್ನು ಮೇಷ್ಟ್ರ ತಲೆಗೆ ಹಂಚೋದು. ಯಾವ ಅನ್ಯಾಯ ತಪ್ಪಿಸೋಕೆ ಅಂತ ಲಕ್ಷಾಂತರ ಖರ್ಚು ಮಾಡಿ ಮೀಟರ್ ಹಾಕಿಸಿದ್ವೋ ಅದೇ ಅನ್ಯಾಯ ಈಗ ವೈರ್‌ಲೆಸ್ ಆಗಿ ವಾಪಸ್ ಬಂತು!

ಕರೆಂಟಿನ ವಿಷಯದಲ್ಲಿ ಕಾನೂನು ಇದಕ್ಕಿಂತ ವಾಸಿ. ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ, ಮೀಟರ್ ನೋಡೋಕೆ ಎರಡು ಸಲ ಸಾಲಾಗಿ ಆಗದೇ ಹೋದ್ರೆ ಗ್ರಾಹಕ ತಾನೇ ಫೋಟೋ ತೆಗೆದು ಕಳಿಸಬಹುದು. ಅಂದಾಜಿನ ಬಿಲ್ ಎರಡು ಬಿಲ್ಲಿಂಗ್ ಅವಧಿ ದಾಟಿ ಮುಂದುವರಿದ್ರೆ, ನಿಜವಾದ ರೀಡಿಂಗಿನ ಬಿಲ್ ಕೊಡೋ ತನಕ ದುಡ್ಡು ಕಟ್ಟಲ್ಲ ಅನ್ನೋ ಹಕ್ಕೂ ಇದೆ. ಅಪಾರ್ಟ್‌ಮೆಂಟಿನೊಳಗಿನ ನೀರಿನ ಮೀಟರಿಗೆ ಈ ನಿಯಮ ಅನ್ವಯಿಸೋಲ್ಲ. ಆದ್ರೆ ಇದೇ ನಿಯಮವನ್ನ ನಮ್ಮ ಬೈಲಾದಲ್ಲಿ ನಾವೇ ಬರ್ಕೊಳ್ಳೋಕೆ ಯಾರಾದ್ರೂ ಬೇಡ ಅಂದಿದ್ದಾರಾ?

ಕರೆಂಟ್ ಮೀಟರಿನ ಮಾತು ಬಂತಲ್ಲ, ಅದನ್ನೂ ಹೇಳ್ಬಿಡ್ತೀನಿ. 2021ರ ಕೇಂದ್ರದ ಯೋಜನೆಯಲ್ಲಿ ದೇಶಾದ್ಯಂತ 25 ಕೋಟಿ ಸ್ಮಾರ್ಟ್ ಮೀಟರ್ ಹಾಕೋ ಗುರಿ ಇಟ್ರು. ನಮ್ಮಲ್ಲಿ 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ರೇಟಿನ ಬಗ್ಗೆ ದೊಡ್ಡ ಗಲಾಟೆ ಆಯ್ತು, ಹೈಕೋರ್ಟ್ ತನಕ ಹೋಯ್ತು. ರೇಟ್ ಕೇಳಬೇಕಾದ್ದೇ. ಆದ್ರೆ ನಾನು ಓದಿದ ಅಷ್ಟೂ ವಾದದಲ್ಲಿ, "ಬೇಸ್‌ಮೆಂಟಿನ ಪ್ಯಾನೆಲ್ ರೂಮಿನಲ್ಲಿ ನನ್ನ ಮೊಬೈಲಿಗೇ ಒಂದು ಗೆರೆ ಬರಲ್ಲ, ಅಲ್ಲಿ ಈ ಮೀಟರು ಹೇಗೆ ಮಾತಾಡುತ್ತೆ?" ಅಂತ ಕೇಳಿದವರು ಕಾಣಲಿಲ್ಲ. ಬ್ರಿಟನ್ನಿನಲ್ಲಿ 2023ರ ಮಾರ್ಚ್ ಕೊನೆಗೆ ಸುಮಾರು 30 ಲಕ್ಷ ಸ್ಮಾರ್ಟ್ ಮೀಟರುಗಳು, ಅಂದ್ರೆ ನೂರಕ್ಕೆ 9, ಸರಿಯಾಗಿ ಕೆಲಸ ಮಾಡ್ತಿರಲಿಲ್ಲ ಅಂತ ಅಲ್ಲಿನ ನ್ಯಾಷನಲ್ ಆಡಿಟ್ ಆಫೀಸ್ ವರದಿ ಹೇಳಿತು. ಎಲ್ಲದಕ್ಕೂ ಸಿಗ್ನಲ್ಲೇ ಕಾರಣ ಅಲ್ಲ. ಆದ್ರೆ ಹಾಕಿದ ಮೀಟರು ಬೇರೆ, ಕೆಲಸ ಮಾಡೋ ಮೀಟರು ಬೇರೆ ಅಂತ ಅಲ್ಲಿ ಲೆಕ್ಕ ಇಟ್ರು. ನಾವು ಹಾಕಿದ್ದನ್ನಷ್ಟೇ ಎಣಿಸಿ ರಿಬ್ಬನ್ ಕಟ್ ಮಾಡ್ತೀವಿ.

ಇನ್ನು ಎರಡು ಆಕ್ಷೇಪಗಳು.

ಒಂದು, ರೇಡಿಯೇಶನ್ ಭಯದವರದ್ದು. "ಮನೆ ಹತ್ರ ಬೇಡ, ಕಬ್ಬಿಣದ ಪೆಟ್ಟಿಗೆ ಒಳಗೇ ಇರ್ಲಿ" ಅಂತಾರೆ. 25 ಮಿಲಿವ್ಯಾಟ್, ದಿನಕ್ಕೆ ಕೆಲವೇ ಸಲ, ಹೆಚ್ಚೆಂದ್ರೆ ಒಂದೆರಡು ಸೆಕೆಂಡು. ಹಳೇ 2ಜಿ ಫೋನು ಟವರ್ ದೂರ ಇದ್ದಾಗ 2 ವ್ಯಾಟ್ ತನಕ ಏರುತ್ತಿತ್ತು, ಅದನ್ನು ಕಿವಿಗೆ ಒತ್ತಿಕೊಂಡು ನಾವೆಲ್ಲ ಗಂಟೆಗಟ್ಟಲೆ ಮಾತಾಡಿದ್ದೀವಿ. ಆ ಡಬ್ಬಿಗೆ ಹೆದರೋದಾದ್ರೆ ಮೊದಲು ದಿಂಬಿನ ಕೆಳಗಿನ ಮೊಬೈಲ್ ತೆಗೀರಿ.

ಎರಡು, "ಸರ್ವೆ ಗಿರ್ವೆ ಅಂತ ಹೊರಟ್ರೆ ಖರ್ಚು ಜಾಸ್ತಿ ಆಗುತ್ತೆ" ಅನ್ನೋ ಕಂಪನಿಗಳದ್ದು. ಒಂದು ಮೀಟರ್ ಸರಿಯಾಗಿ ಕೂರಿಸೋಕೆ ಇನ್ನೊಂದು ಕಾಲು ಗಂಟೆ ಬೇಕು, ಒಪ್ಪಿದೆ. ಆದ್ರೆ ಅದೇ ಮೀಟರಿಗೆ ಅಂತ ನಾಲ್ಕು ಸಲ ಹುಡುಗನನ್ನ ಕಳಿಸಿದ್ದು, ಅಸೋಸಿಯೇಶನ್‌ನವರು ಬರೆದ ಇಮೇಲುಗಳು, ಬೇಗ ಸತ್ತ ಬ್ಯಾಟರಿ, ಇವೆಲ್ಲ ಪುಗಸಟ್ಟೆಯಾ? ಖರ್ಚು ಜಾಸ್ತಿ ಆಗೋದು ಕಂಪನಿಗೆ, ಉಳಿಯೋದು ನಮಗೆ. ಅದಕ್ಕೇ ಅವರು ಮಾಡ್ತಿಲ್ಲ, ಅಷ್ಟೇ.

ಹಾಗಾಗಿ ಮೀಟರ್ ಹಾಕಿಸೋ ಪ್ರತಿ ಅಪಾರ್ಟ್‌ಮೆಂಟೂ ಸಹಿ ಹಾಕೋ ಮುಂಚೆ ಕರಾರಿನಲ್ಲಿ ಈ ಐದು ಮಾತು ಬರೆಸಿಕೊಳ್ಳಬೇಕು ಅಂತ ನನ್ನ ವಾದ.

1. ಆರ್ಡರ್ ಕೊಡೋ ಮುಂಚೆ ಸರ್ವೆ. ಒಂದು ಟ್ರಾನ್ಸ್‌ಮಿಟರ್ ತಂದು ಕಟ್ಟಡದ ಅತಿ ಕೆಟ್ಟ ಜಾಗಗಳಲ್ಲಿ, ಅಂದ್ರೆ ಬೇಸ್‌ಮೆಂಟು, ಕೆಳಮಹಡಿಯ ಡಕ್ಟು, ದೂರದ ಮೂಲೆ, ಇಟ್ಟು ತೋರಿಸಲಿ. ಲಾಬಿಯಲ್ಲಿ ನಿಂತು "ಫುಲ್ ಸಿಗ್ನಲ್ ಸಾರ್" ಅನ್ನೋದು ಸರ್ವೆ ಅಲ್ಲ.

2. ಅಳತೆ ಬಾಗಿಲು ಮುಚ್ಚಿದ ಮೇಲೆ. ಡಕ್ಟಿನ ಬಾಗಿಲು ಹಾಕಿ, ಚೇಂಬರಿನ ಮುಚ್ಚಳ ಮುಚ್ಚಿ, ಆಮೇಲೆ ಬಂದ ಅಂಕಿಯನ್ನು ಮೀಟರ್ ನಂಬರಿನ ಪಕ್ಕ ಬರೆದು ಕೊಡಲಿ. ಕೇಳಿಸೋ ಮಿತಿಗಿಂತ ಕನಿಷ್ಠ 10 ಡೆಸಿಬೆಲ್ ಮಿಗಬೇಕು. ಮಳೆಗಾಲ ಬರುತ್ತೆ, ಮುಚ್ಚಳದ ಮೇಲೆ ಕಾರೂ ನಿಲ್ಲುತ್ತೆ.

3. ಆಂಟೆನಾ ಲೋಹದ ಹೊರಗೆ. ಪೈಪಿನಿಂದ ಕಮ್ಮಿ ಅಂದ್ರೂ ನಾಲ್ಕು ಬೆರಳು ದೂರ, ನೆಟ್ಟಗೆ, ಆದಷ್ಟು ಎತ್ತರದಲ್ಲಿ. ನೆಲದ ಚೇಂಬರ್ ಆದ್ರೆ ಲೋಹದ ಮುಚ್ಚಳ ಬೇಡ, ಇಲ್ಲಾ ಮುಚ್ಚಳಕ್ಕೆ ತೂತು ಬೇಕು. ಕೇಬಲ್ ಇದ್ರೆ ಬಿಚ್ಚಿ ಬಳಸಿ.

4. ದುಡ್ಡು ಮೀಟರಿಗಲ್ಲ, ರೀಡಿಂಗಿಗೆ. 30 ದಿನ ಸತತವಾಗಿ ರೀಡಿಂಗ್ ಬಂದ ಮೀಟರಿಗೆ ಮಾತ್ರ ಕೊನೆಯ ಕಂತು. ಇದೇನು ನನ್ನ ಹೊಸ ಆವಿಷ್ಕಾರ ಅಲ್ಲ. ಕೇಂದ್ರದ ಸ್ಮಾರ್ಟ್ ಮೀಟರ್ ಯೋಜನೆಯಲ್ಲೇ ಗುತ್ತಿಗೆದಾರನಿಗೆ ತಿಂಗಳಿಗೆ ಮೀಟರಿಗಿಷ್ಟು ಅಂತ ವರ್ಷಗಟ್ಟಲೆ ಹಂಚಿ ಕೊಡೋ, ಸೇವೆ ಕೆಟ್ಟರೆ ಕಡಿತ ಮಾಡೋ ಪದ್ಧತಿ ಇದೆ. ದಿಲ್ಲಿಗೆ ಗೊತ್ತಾಗಿದ್ದು ನಮ್ಮ ಕಮಿಟಿಗೆ ಗೊತ್ತಾಗಬಾರದಾ?

5. ಆವರೇಜ್ ಬಿಲ್ ರದ್ದು. ರೇಡಿಯೋ ಮಾತಾಡದಿದ್ರೆ ಮನುಷ್ಯ ಹೋಗಿ ನೋಡಬೇಕು, ಫೋಟೋ ಸಮೇತ. ನೋಡೋಕೆ ಹೋಗುವ ಖರ್ಚು ಕಂಪನಿಯದ್ದು. ಒಂದೇ ತಿಂಗಳಲ್ಲಿ ಅವರ ಎಲ್ಲಾ ಆಂಟೆನಾಗಳೂ ತಾವಾಗೇ ನೆಟ್ಟಗೆ ನಿಲ್ಲುತ್ತವೆ ನೋಡ್ತಿರಿ :-)

ಈ ಐದರಲ್ಲಿ ಒಂದನ್ನೂ ಒಪ್ಪದ ಕಂಪನಿ ಮಾರ್ತಾ ಇರೋದು ಮೀಟರನ್ನಲ್ಲ, ಮೀಟರಿನ ಹೆಸರಿನಲ್ಲಿ ಅದೇ ಹಳೇ ಆವರೇಜನ್ನ. ಅದನ್ನು ಚದರಡಿ ಲೆಕ್ಕದಲ್ಲಿ ಪುಕ್ಕಟೆಯಾಗಿ ನಾವೇ ಮಾಡ್ಕೋತಿದ್ವಲ್ಲ!

ನಿಮ್ಮ ಕಡೆ ಏನು ಕಥೆ? ಇವತ್ತು ಸಂಜೆ ಆಫೀಸಿಂದ ಬಂದ ಮೇಲೆ ಒಂದು ಸಲ ಡಕ್ಟಿನ ಬಾಗಿಲು ತೆಗೆಸಿ ನೋಡಿ. ಡಬ್ಬಿ ಪೈಪಿಗೆ ಅಂಟಿಕೊಂಡಿದೆಯಾ? ಅಡ್ಡ ಬಿದ್ದಿದೆಯಾ? ಕೇಬಲ್ ಸುತ್ತಿಟ್ಟಿದ್ದಾರಾ? ಮೀಟರಿನ ಮೇಲಿನ ಅಂಕಿಗೂ ನಿಮ್ಮ ಬಿಲ್ಲಿನ ಅಂಕಿಗೂ ತಾಳೆ ಇದೆಯಾ? ಇಲ್ಲ ಅಂದ್ರೆ ಫೋಟೋ ತೆಗೆದಿಟ್ಕೊಳ್ಳಿ, ಮುಂದಿನ ಅಸೋಸಿಯೇಶನ್ ಮೀಟಿಂಗಿಗೆ ತಗೊಂಡು ಹೋಗಿ. "ಸಿಗ್ನಲ್ ಸಿಗ್ತಾ ಇಲ್ಲ ಸಾರ್" ಅಂತ ಅಲ್ಲಿ ಯಾರಾದ್ರೂ ಹೇಳಿದ್ರೆ ಒಂದೇ ಪ್ರಶ್ನೆ ಕೇಳಿ: "ಎಲ್ಲಿಟ್ಟಿದ್ದೀರಿ?"